ಬಾಲ ನೋಡಿ ಉಳಿದ ಮನೆ

ಐವತ್ತರ ದಶಕದ ಕೊನೆಯ ಒಂದು ಬೇಸಿಗೆ. ಉರ್ವದಲ್ಲಿ ನಮಗೆ ಬಾಡಿಗೆ ಮನೆ ಸಿಕ್ಕಿ ತಿಂಗಳೂ ಆಗಿರಲಿಲ್ಲ. ಅಲ್ಲಿಯವರೆಗೆ ನನ್ನ ಗಂಡ, ಅತ್ತೆ, ನಾನು ಕಂಕನಾಡಿಯಲ್ಲಿ ಭಾವನ ಮನೆಯಲ್ಲಿದ್ದೆವು. ಅಲ್ಲಿ ಒಂದು ಲೋಟ ಕಾಫಿ ಬೇಕಾದರೂ ಓರಗಿತ್ತಿಯ ಮುಖ ನೋಡಬೇಕು. ಅತ್ತೆಗೆ ಆ ಹಿರಿಸೊಸೆಯೆಂದರೆ ಪ್ರಾಣ ಎಂದೇ ನಾನು ತಿಳಿದಿದ್ದೆ. ಉರ್ವದಲ್ಲಿ ಮಾತ್ರ ಒಲೆ ನನ್ನದು, ಹಿತ್ತಿಲ ಬಾವಿ ನನ್ನದು. ಬಾವಿಕಟ್ಟೆಯಲ್ಲಿ ಸುಮ್ಮನೆ ಕೂತರೂ ಕೇಳುವವರಿಲ್ಲ.

ಒಂದು ಬೆಳಿಗ್ಗೆ ಅತ್ತೆ ಹಿತ್ತಿಲಿನಿಂದ ಕೂಗಿದರು. ಓಡಿ ಹೋದೆ. ಹಂಚಿನ ಮಾಡಿನ ಮೇಲೆ ಕಂದು ಬಣ್ಣದ ದೊಡ್ಡ ಹಕ್ಕಿಯೊಂದು ಮನೆಯ ಧಣಿಯ ಹಾಗೆ ಗತ್ತಿನಿಂದ ಕೂತಿತ್ತು.

"ಹದ್ದು! ಹದ್ದು ಕೂತ ಮನೆಯಲ್ಲಿ ಇರ್ಲಿಕ್ಕಿಲ್ಲ. ಇವತ್ತೇ ಬಾಗಿಲು ಹಾಕಿ ಹೋಗ್ಬೇಕು," ಎಂದರು.

ಹೋಗುವುದೆಂದರೆ ಎಲ್ಲಿಗೆ? ಮತ್ತೆ ಅದೇ ಓರಗಿತ್ತಿಯ ಅಡುಗೆಮನೆಗೆ! ಗರುಡ ಕೂತರೆ ಶುಭವೆನ್ನುತ್ತಾರೆ. "ಗರುಡ ಇರ್ಬಹುದಲ್ಲ ಅತ್ತೆ?" ಎಂದೆ.

"ಗರುಡನ ತಲೆ ಬಿಳಿ ಇರ್ತದೆ. ಇದಕ್ಕೆ ಬಿಳಿ ಎಲ್ಲಿ ಉಂಟು?"

ಬೇಲಿಯಾಚೆ ಕೋಳಿಗಳಿಗೆ ನುಚ್ಚು ಹಾಕುತ್ತಿದ್ದ ಪಕ್ಕದ ಮನೆಯ ಬಾಯಮ್ಮ ತಲೆಯೆತ್ತಿದರು. "ಗರುಡನ ಮರಿ ಆದ್ರೆ ಬಿಳಿ ಎಲ್ಲಿಂದ ಬರ್ಬೇಕು ಅಮ್ಮ? ಬಾಲ ನೋಡಿ. ಹದ್ದಿನದ್ದು ನಡುವೆ ಕತ್ತರಿಸಿದ ಹಾಗೆ, ಗರುಡನದ್ದು ಗುಂಡು. ನನ್ನ ಕೋಳಿಮರಿಗಳನ್ನು ಎರಡೂ ಕೊಂಡೋಗಿವೆ, ನನಗೆ ಗೊತ್ತುಂಟು."

ಆದರೆ ಆ ಹಾಳು ಹಕ್ಕಿ ಬಾಲ ಮಡಚಿ ಕೂತಿತ್ತು. ಕೈ ತಟ್ಟಿದೆ, ಟವೆಲು ಬೀಸಿದೆ. ಅದು ನನ್ನನ್ನು ಲೆಕ್ಕಕ್ಕೇ ಇಡಲಿಲ್ಲ. ಗೊತ್ತಿದ್ದ ದೇವರಿಗೆಲ್ಲ ಮನಸ್ಸಿನಲ್ಲೇ ಹರಕೆ ಹೇಳಿಕೊಂಡೆ.

ಅಷ್ಟರಲ್ಲಿ ಬಿಳಿ ತಲೆಯ ಗರುಡವೊಂದು ಮೀನು ಹಿಡಿದುಕೊಂಡು ತೆಂಗಿನ ಮರಕ್ಕೆ ಬಂದಿಳಿಯಿತು. ಮಾಡಿನ ಮೇಲಿದ್ದದ್ದು ಕಿರುಚುತ್ತ ಅದರತ್ತ ಹಾರಿತು. ನಮ್ಮ ತಲೆಯ ಮೇಲೆಯೇ ಬಾಲ ಬಿಚ್ಚಿಕೊಂಡಿತು. ಗುಂಡಗೆ, ಬೀಸಣಿಗೆಯ ಹಾಗೆ! ನನಗೆ ಹೋದ ಜೀವ ಬಂದಂತಾಯಿತು.

ಅತ್ತೆ ಕೈ ಮುಗಿದರು. ಮುಗಿದವರೇ, "ಬಾಲ ಸರಿ ನೋಡಿದ್ದೀಯಲ್ಲ?" ಎಂದು ಮತ್ತೆ ಮತ್ತೆ ಕೇಳತೊಡಗಿದರು. ಇವರಿಗೆ ಇಲ್ಲಿಂದ ಹೊರಡಲು ನೆಪ ಬೇಕಾಗಿದೆ ಎಂದು ನನಗೆ ರೇಗಿತು.

"ಗುಂಡು ಅತ್ತೆ, ಗುಂಡು!"

ಅವರು ಬಾವಿಕಟ್ಟೆಯ ಮೇಲೆ ಕುಸಿದು ಕೂತು ಸೆರಗಿನಿಂದ ಮುಖ ಒರೆಸಿಕೊಂಡರು.

"ಬದುಕಿದೆ ಮಾರಾಯ್ತಿ. ಅಲ್ಲಿ ಒಂದು ಲೋಟ ಕಾಫಿ ಕೇಳ್ಲಿಕ್ಕೆ ನನಗೂ ಹೆದರಿಕೆ ಆಗ್ತಿತ್ತು."

ಆ ದಿನ ಅವರು ಕೇಳುವ ಮೊದಲೇ ಕಾಫಿ ಮಾಡಿ ಕೊಟ್ಟೆ.