ತೊಟ್ಟಿಲಲ್ಲಿದ್ದ ಗುಂಡಪ್ಪ

ನಮ್ಮ ಹೊರಕೋಣೆಯಲ್ಲಿ ಬಾಡಿಗೆಗಿದ್ದ ಮೈಸೂರು ಕಡೆಯ ಭೂವಿಜ್ಞಾನಿ ಸೀದಾ ತೊಟ್ಟಿಲಿಗೇ ಕೈಹಾಕಿದಾಗ ನಾನು ಬೆಚ್ಚಿಬಿದ್ದೆ. ಏಳೆಂಟು ವರ್ಷದ ಹಿಂದೆ, ಸೇಡಂನಲ್ಲಿ, ನನ್ನ ಮಗನಿಗೆ ಹೆಸರಿಟ್ಟ ದಿನ ಅದು. ಕೂಸಿಗಿಂತ ಮೊದಲು, ಗುಂಡಪ್ಪ ಎಂದು ನಾವು ಕರೆಯುವ ಗುಂಡುಕಲ್ಲಿಗೆ ಎಣ್ಣೆ ಹಚ್ಚಿ, ನೀರೆರೆದು, ಕುಲಾವಿ ತೊಡಿಸಿ ತೊಟ್ಟಿಲಲ್ಲಿ ಮಲಗಿಸುವುದು ನಮ್ಮ ಪದ್ಧತಿ. ಅತ್ತೆ ಹಳ್ಳದಿಂದ ಆರಿಸಿ ತಂದ ಆ ಗುಂಡಪ್ಪ ಮಗನ ಪಕ್ಕದಲ್ಲೇ ಇತ್ತು.

ಭೂವಿಜ್ಞಾನಿ ಕಲ್ಲನ್ನು ಎತ್ತಿಕೊಂಡು, ಅದರೊಳಗಿನ ಹಸಿರು ಕಾಳುಗಳನ್ನು ಭೂತಗನ್ನಡಿಯಲ್ಲಿ ನೋಡಿ ಹಿಗ್ಗಿದರು. ಅವುಗಳಲ್ಲಿ ವಿಕಿರಣ ಸೂಸುವ ಪೊಟ್ಯಾಸಿಯಂ ಇದೆ, ಅದು ಬಲು ನಿಧಾನವಾಗಿ ಕರಗಿ ಬೇರೆ ವಸ್ತುವಾಗುತ್ತದೆ, ಎಷ್ಟು ಬದಲಾಗಿದೆ ಎಂದು ಅಳೆದರೆ ಕಲ್ಲಿನ ವಯಸ್ಸು ತಿಳಿಯುತ್ತದೆ, ಕೋಟಿಗಟ್ಟಲೆ ವರ್ಷ, ಎಂದರು. ನನ್ನ ಕಿವಿಗೆ ಬಿದ್ದದ್ದು ವಿಕಿರಣವೊಂದೇ. ಪತ್ರಿಕೆಯಲ್ಲಿ ಕಂಡಿದ್ದ, ಅಣುಬಾಂಬಿನಿಂದ ಚರ್ಮ ಸುಲಿದ ಮಕ್ಕಳ ಚಿತ್ರ ಕಣ್ಣಿಗೆ ಕಟ್ಟಿತು. ಕೂಸನ್ನು ಎತ್ತಿಕೊಂಡು ಅಂಗಳಕ್ಕೆ ಓಡಿದೆ.

ಅವರು ಕಲ್ಲು ಹಿಡಿದುಕೊಂಡೇ ನನ್ನ ಹಿಂದೆ ಬಂದರು. "ಹೆದರಬೇಡಿ ತಾಯಿ, ಆ ಪೊಟ್ಯಾಸಿಯಂ ನಿಮ್ಮ ಮಗುವಿನ ಮೈಯಲ್ಲೂ ಇದೆ. ಎಲ್ಲರಲ್ಲೂ ಇದೆ, ಏನೂ ಆಗೋದಿಲ್ಲ."

ಕೂಸಿನ ಬಟ್ಟೆ ಸರಿಸಿ ಮೈಯೆಲ್ಲ ನೋಡಿದೆ. ಕಲ್ಲಾದರೆ ಎತ್ತಿ ಹೊರಗೆ ಎಸೆಯಬಹುದಿತ್ತು.

ಅತ್ತೆ ಮಾತ್ರ ಅವರ ಕೈಯಿಂದ ಗುಂಡಪ್ಪನನ್ನು ಕಸಿದು ಮತ್ತೆ ತೊಟ್ಟಿಲಿಗಿಟ್ಟರು. "ಕೋಟಿ ವರ್ಷ ಬಾಳ್ಯಾದಂತ, ಅದರ ಆಯುಷ್ಯ ನಮ್ಮ ಕೂಸಿಗಿ ಬರ್ಲಿ. ಒಳಗ ಬಾ ನೀ!"

ಮಗ ಈಗ ಶಾಲೆಗೆ ಹೋಗುತ್ತಾನೆ, ಗಟ್ಟಿಮುಟ್ಟಾಗಿದ್ದಾನೆ. ಆದರೂ ಅವನು ಮಲಗಿದ್ದಾಗ ಎದೆಗೆ ಕಿವಿಯಿಟ್ಟು ಕೇಳುತ್ತೇನೆ. ಎದೆಬಡಿತ ಕೇಳಿಸುತ್ತದೆ. ಸದ್ದೇ ಮಾಡದೆ ಕರಗುತ್ತಿರುವುದು ಕೇಳಿಸುವುದಿಲ್ಲ.