ಪ್ರಫುಲ್ಲಳ ಬೆಸುಗೆ ಮತ್ತು ಯುರೋಪಿನ ಟೆಂಡರ್

ಬೆಳಿಗ್ಗೆಯಿಂದ ಪಕ್ಕದ ಮನೆಯವರು ಗೇಟಿಗೆ ವೆಲ್ಡಿಂಗ್ ಮಾಡಿಸುತ್ತಿದ್ದಾರೆ. ಸುಟ್ಟ ಕಬ್ಬಿಣದ ಆ ವಾಸನೆ ಬಂದರೆ ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ವಾಸನೆಯ ಮೇಲಲ್ಲ. ಯಾಕೆಂದು ಹೇಳುತ್ತೇನೆ, ಕೂತುಕೊಳ್ಳಿ.

ನಾನು ಮೂಡುಬಿದಿರೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ನಿವೃತ್ತಿಯ ನಂತರ ಊರಿನವರ ಅರ್ಜಿ, ಕಾಗದ ಬರೆದುಕೊಡುವುದೇ ನನ್ನ ಉದ್ಯೋಗ. ಸಂಬಳವಿಲ್ಲ, ಗೌರವ ಉಂಟು, ಹಲಸಿನ ಸಮಯದಲ್ಲಿ ಹಲಸಿನಹಣ್ಣೂ ಉಂಟು.

ಪ್ರಫುಲ್ಲ ನನ್ನ ಹಳೆಯ ವಿದ್ಯಾರ್ಥಿನಿ. ಡಿಪ್ಲೊಮಾ ಮುಗಿಸಿ ಬಂಟ್ವಾಳದ ಹತ್ತಿರ ವರ್ಕ್‌ಶಾಪ್ ಹಾಕಿದವಳು. ಹಾಲು ಶೇಖರಿಸುವ ಸ್ಟೀಲ್ ಟ್ಯಾಂಕುಗಳನ್ನು ಮಾಡುವುದು ಅವಳ ಕೆಲಸ. ಅವಳು ಹಾಕಿದ ಬೆಸುಗೆಯ ಮೇಲೆ ಬೆರಳಾಡಿಸಿದರೆ ತಗಡು ಎಲ್ಲಿ ಸೇರಿದೆ ಎಂದೇ ತಿಳಿಯುವುದಿಲ್ಲ. ಆದರೆ ಟ್ಯಾಂಕುಗಳು ಮಾರಾಟವಾಗುತ್ತಿದ್ದದ್ದು ಒಂದು ದೊಡ್ಡ ಕಂಪೆನಿಯ ಹೆಸರಿನಲ್ಲಿ. ಅವರು ಆರ್ಡರ್ ತರುತ್ತಿದ್ದರು, ಇವಳು ಮಾಡುತ್ತಿದ್ದಳು, ಕೊನೆಗೆ ಅವರ ಹೆಸರಿನ ಪಟ್ಟಿ ಅಂಟಿಸಿ ಕಳುಹಿಸುತ್ತಿದ್ದರು.

ಒಂದು ದಿನ ಅವಳು ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೆ ಬಂದಳು. "ಟೀಚರ್, ಯುರೋಪಿನಲ್ಲಿ ಒಂದು ಸಂಶೋಧನಾ ಕೇಂದ್ರ ಉಂಟು. ಹಲವು ದೇಶ ಸೇರಿ ನಡೆಸುವುದು. ನಮ್ಮ ದೇಶಕ್ಕೂ ಅದರಲ್ಲಿ ಪಾಲು ಉಂಟು, ಹಾಗಾಗಿ ನಮ್ಮವರೂ ಟೆಂಡರ್ ಹಾಕಬಹುದು. ಅವರಿಗೆ ಗಾಳಿಯೇ ನುಸುಳದ ಸ್ಟೀಲ್ ಕೊಳವೆ ಬೇಕಂತೆ. ಹಾಲು ಸೋರದ ಹಾಗೆ ಮಾಡಿದವಳಿಗೆ ಗಾಳಿ ಸೋರದ ಹಾಗೆ ಮಾಡ್ಲಿಕ್ಕೆ ಆಗುವುದಿಲ್ಲವಾ?"

"ಅದಕ್ಕೆಲ್ಲ ದೊಡ್ಡವರ ವಶೀಲಿ ಬೇಕು ಮಾರಾಯ್ತಿ" ಎಂದೆ. ಏನೂ ಗೊತ್ತಿಲ್ಲದವರು ತಕ್ಷಣ ಹೇಳುವ ಮಾತು ಅದು. ಓದುತ್ತ ಹೋದರೆ ಹಾಗೇನೂ ಇರಲಿಲ್ಲ. ಪೂರೈಕೆದಾರರ ಪಟ್ಟಿಗೆ ಹೆಸರು ಸೇರಿಸಲು ಶುಲ್ಕವಿಲ್ಲ. ಸಣ್ಣ ಕೆಲಸವಾದರೆ ಪಟ್ಟಿಯಲ್ಲಿದ್ದ ಕೆಲವರಿಂದ ದರ ಕೇಳುತ್ತಾರೆ. ದೊಡ್ಡದಾದರೆ ಮೊದಲು ಒಂದು ಪ್ರಶ್ನಾವಳಿ. ಅದರಲ್ಲಿ ಪಾಸಾದವರಿಗೆ ಮಾತ್ರ ಟೆಂಡರ್. ಸಂಶಯವಿದ್ದರೆ ಬರೆದು ಕೇಳಬೇಕು, ಉತ್ತರ ಎಲ್ಲ ಸ್ಪರ್ಧಿಗಳಿಗೂ ಹೋಗುತ್ತದೆ. ಇಷ್ಟು ನೇರವಾದ ಅರ್ಜಿಯನ್ನು ನಾನು ನಮ್ಮೂರಿನ ಯಾವ ಕಚೇರಿಯಲ್ಲೂ ಕಂಡವಳಲ್ಲ.

ಪಟ್ಟಿಗೆ ಹೆಸರು ಸೇರಿಸಿ, ಒಂದು ವಾರ ಕೂತು ಪ್ರಶ್ನಾವಳಿ ತುಂಬಿಸಿದೆವು. 'ಫ್ಲೇಂಜ್' ಎಂಬ ಪದಕ್ಕೆ ನಾನು ನಿಘಂಟು ತೆರೆದರೆ, ಅವಳು ಕೊಳವೆಯ ಬಾಯಿಗೆ ಕೂರಿಸುವ ದಪ್ಪ ಬಳೆಯೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟಳು. ಕೊನೆಗೆ ಒಂದು ಪ್ರಶ್ನೆಯಲ್ಲಿ ಸಿಕ್ಕಿಬಿದ್ದೆವು: ಇಂಥ ಕೆಲಸವನ್ನು ಹಿಂದೆ ಯಾರಿಗೆ ಮಾಡಿಕೊಟ್ಟಿದ್ದೀರಿ? ಅವರ ಪತ್ರ ಲಗತ್ತಿಸಿ.

ಪತ್ರ ಕೇಳಲು ಇಬ್ಬರೂ ಆ ದೊಡ್ಡ ಕಂಪೆನಿಗೆ ಹೋದೆವು. ಮ್ಯಾನೇಜರ್ ಚಹಾ ತರಿಸಿದರು, ವಿಷಯವನ್ನೆಲ್ಲ ವಿವರವಾಗಿ ಕೇಳಿದರು, ಆಮೇಲೆ ನಕ್ಕರು.

"ಟ್ಯಾಂಕು ನೀವು ಮಾಡಿದ್ದು ಅಂತ ಬರೆದುಕೊಟ್ಟರೆ, ನಾವು ಮಾಡಿದ್ದು ಏನು ಅಂತ ಕೇಳುವುದಿಲ್ಲವಾ ಜನ?"

"ನಾನೇ ಮಾಡಿದ್ದಲ್ಲವಾ ಸರ್?"

"ಅಲ್ಲ ಅಂತ ಯಾರು ಹೇಳಿದ್ದು? ಬರೆದುಕೊಡ್ಲಿಕ್ಕೆ ಆಗುವುದಿಲ್ಲ, ಅಷ್ಟೇ."

ಆ 'ಅಷ್ಟೇ' ಇವತ್ತಿಗೂ ನನ್ನನ್ನು ಕುಟುಕುತ್ತದೆ. ಸುಟ್ಟುಕೊಂಡ ಕೈ ಅವಳದು, ಕೆಂಪಾದ ಕಣ್ಣು ಅವಳದು. ಒಂದು ಸಾಲು ಸತ್ಯ ಬರೆಯಲು ಆ ಮನುಷ್ಯನಿಗೆ ಏನು ಕಷ್ಟ?

ಹಿಂದಿರುಗುವಾಗ ಬಸ್ಸಿನಲ್ಲಿ, "ಕಂಪೆನಿಯ ಹೆಸರಿನಲ್ಲಿ ಪತ್ರ ನಾನೇ ಚಂದ ಮಾಡಿ ಬರೆಯುತ್ತೇನೆ, ಅಲ್ಲಿ ಕೂತವರಿಗೆ ಹೇಗೆ ಗೊತ್ತಾಗುತ್ತದೆ?" ಎಂದೆ. ಜೀವಮಾನವಿಡೀ ನಕಲು ಹೊಡೆಯುವ ಮಕ್ಕಳನ್ನು ಹಿಡಿದವಳು ನಾನು!

"ಬೇಡ ಟೀಚರ್. ಇದ್ದದ್ದನ್ನೇ ಬರೆಯುವ."

ಬರೆದೆವು: ಕೆಲಸ ನಮ್ಮದು, ಮೇಲಿನ ಹೆಸರು ನಮ್ಮದಲ್ಲ, ಪರೀಕ್ಷೆ ಮಾಡಿ ನೋಡಿ. ಸಭ್ಯವಾದ ಉತ್ತರ ಬಂತು. ಆಧಾರ ಇಲ್ಲದ್ದರಿಂದ ಈ ಸಲ ಟೆಂಡರ್ ಕಳುಹಿಸಲಾಗದು. ನಿಮ್ಮ ಹೆಸರು ಪಟ್ಟಿಯಲ್ಲಿ ಇರುತ್ತದೆ.

ಕೇಂದ್ರದವರನ್ನು ದೂರುವುದಿಲ್ಲ. ನನ್ನ ಮೈ ಉರಿದದ್ದು ಕೆಲವು ವಾರಗಳ ನಂತರ, ಅದೇ ಮ್ಯಾನೇಜರ್ ಪ್ರಫುಲ್ಲಳಿಗೆ ಫೋನ್ ಮಾಡಿದಾಗ. ನಮ್ಮ ಬಾಯಿಂದ ವಿಷಯ ತಿಳಿದುಕೊಂಡು ಅವರೂ ಪ್ರಶ್ನಾವಳಿ ತುಂಬಿದ್ದರು, ಅವಳ ಟ್ಯಾಂಕುಗಳ ಫೋಟೊ ಹಾಕಿ! ಅವರಿಗೆ ಟೆಂಡರ್ ಬಂದಿತ್ತು. "ಬೆಸುಗೆ ನೀವೇ ಮಾಡಿ, ಯಾವಾಗಿನ ಹಾಗೆ" ಎಂದರು.

ಪ್ರಫುಲ್ಲ ನನಗೂ ಕೇಳುವಂತೆ ಫೋನನ್ನು ಸ್ಪೀಕರಿಗೆ ಹಾಕಿದಳು. "ಉಪಗುತ್ತಿಗೆದಾರರ ಹೆಸರು ಬರೆಯುವಲ್ಲಿ ನನ್ನ ಹೆಸರು ಹಾಕ್ತೀರಾ ಸರ್?"

"ಅದನ್ನೆಲ್ಲ ಯಾರು ಓದ್ತಾರೆ?"

"ಅವರು ಓದ್ಲಿಕ್ಕೇ ಕೇಳುವುದು. ಹಾಕದಿದ್ದರೆ ನಾನು ಮಾಡುವುದಿಲ್ಲ."

ಅಲ್ಲಿಗೆ ಆ ಕಂಪೆನಿಯ ಟ್ಯಾಂಕಿನ ಆರ್ಡರುಗಳೂ ನಿಂತವು. ವರ್ಕ್‌ಶಾಪಿನ ಇಬ್ಬರು ಕೆಲಸಗಾರರಲ್ಲಿ ಒಬ್ಬ ಕಾದು ಕಾದು ಗಲ್ಫಿಗೆ ಹೋದ. ಪ್ರಫುಲ್ಲ ಬೆಳ್ತಂಗಡಿ, ಶಿರ್ತಾಡಿ ಕಡೆಯ ಹಾಲಿನ ಸೊಸೈಟಿಗಳಿಗೆಲ್ಲ ಬೈಕಿನಲ್ಲಿ ತಿರುಗಿದಳು. ಹಳೆಯ ಟ್ಯಾಂಕುಗಳನ್ನು ರಿಪೇರಿ ಮಾಡುತ್ತ ಮಾಡುತ್ತ, ತನ್ನದೇ ಹೆಸರಿನಲ್ಲಿ ಹೊಸದನ್ನು ಮಾರುವಷ್ಟಾಗಲು ಅವಳಿಗೆ ವರ್ಷಗಳೇ ಹಿಡಿದವು. ಆ ಮ್ಯಾನೇಜರಿಗೆ ಕೊಳವೆಯ ಕೆಲಸ ಸಿಕ್ಕಿತೋ ಇಲ್ಲವೋ, ನಾನು ವಿಚಾರಿಸಲು ಹೋಗಿಲ್ಲ.

ಮೊನ್ನೆ ಆ ಕೇಂದ್ರದಿಂದ ಅವಳಿಗೆ ಮೇಲ್ ಬಂದಿದೆ. ಸಣ್ಣ ಕೆಲಸ, ಕೆಲವು ಸ್ಟೀಲ್ ಪೆಟ್ಟಿಗೆಗಳಿಗೆ ದರ ಕೇಳಿದ್ದಾರೆ. ಹಿಂದೆ ಯಾರಿಗೆ ಮಾಡಿಕೊಟ್ಟಿದ್ದೀರಿ ಎಂಬ ಪ್ರಶ್ನೆ ಇದರಲ್ಲೂ ಉಂಟು. ಸೊಸೈಟಿಯೊಂದರ ಕಾರ್ಯದರ್ಶಿ ಕೈಯಾರೆ ಬರೆದುಕೊಟ್ಟ ಕನ್ನಡ ಪತ್ರ ಈಗ ನನ್ನ ಮುಂದಿದೆ: "ನಮ್ಮ ಟ್ಯಾಂಕು ಪ್ರಫುಲ್ಲ ಮಾಡಿದ್ದು. ಎರಡು ಮಳೆಗಾಲ ಕಳೆದಿದೆ. ಒಂದು ಹನಿ ಸೋರಿಲ್ಲ."

ಇಂಗ್ಲಿಷಿನಲ್ಲೂ ಮೂರೇ ಸಾಲಾಯಿತು. ಇನ್ನೇನಾದರೂ ಸೇರಿಸಲಾ ಎಂದು ಅವಳಿಗೆ ಫೋನ್ ಮಾಡಿ ಕೇಳಿದೆ.

"ನನ್ನ ಹೆಸರು ಸರಿ ಬರೆದಿದ್ದೀರಲ್ಲ ಟೀಚರ್?" ಎಂದಳು.

ಒಂದೊಂದೇ ಅಕ್ಷರ ಓದಿ ಹೇಳಿದೆ.