ರಕ್ತ ಕೊಡದೆ ಹೋದ ಅಣ್ಣ

ನಾನು ವರ್ಷಕ್ಕೆ ಮೂರು ಸಲ ತಪ್ಪದೆ ರಕ್ತ ಕೊಡುವುದನ್ನು ಕಂಡರೆ ಅಣ್ಣನಿಗೆ ಆಗುತ್ತಿರಲಿಲ್ಲ. "ನಿನಗೆ ಬೇರೆ ಕೆಲಸ ಇಲ್ವಾ ಮಾರಾಯ? ಊರವರಿಗೆಲ್ಲ ಕೊಟ್ಟು ಒಣಗಿ ಹೋಗ್ತಿ" ಎಂದು ಬೆಳುವಾಯಿಯ ತನ್ನ ಹೋಟೆಲಿನಲ್ಲಿ ಗಿರಾಕಿಗಳ ಮುಂದೆಯೇ ನಗುತ್ತಿದ್ದ.

ಕಳೆದ ವರ್ಷ ಅತ್ತಿಗೆಗೆ ಗರ್ಭಕೋಶದ ಆಪರೇಷನ್ ಆಯಿತು. ರಕ್ತಸ್ರಾವ ನಿಲ್ಲದೆ, ರಕ್ತನಿಧಿಯಿಂದ ರಕ್ತ ತರಿಸಿ ಏರಿಸಿದರು. ಬದಲಿಗೆ ಮನೆಯವರು ಯಾರಾದರೂ ಕೊಟ್ಟರೆ ಇನ್ನೊಬ್ಬರಿಗೆ ಆಗುತ್ತದೆ, ಗುಂಪು ಯಾವುದಾದರೂ ಸರಿ ಎಂದು ನರ್ಸ್ ಹೇಳಿದರು. ಅಣ್ಣ ನನ್ನ ಬೆನ್ನು ತಟ್ಟಿ, "ಇವ ಕೊಡ್ತಾನೆ" ಎಂದ.

"ನಾನು ಕೊಟ್ಟು ತಿಂಗಳೂ ಆಗ್ಲಿಲ್ಲ. ಈಗ ಹೋದ್ರೆ ತೆಗೆಯುದಿಲ್ಲ. ನೀನು ಕೊಡು."

"ನನಗೆ ಸೂಜಿ ಅಂದ್ರೆ ಆಗುದಿಲ್ಲ. ಹೋಟೆಲೂ ಉಂಟಲ್ಲ" ಎಂದವನು ಕಾರು ಹತ್ತಿ ಹೋಗಿಯೇಬಿಟ್ಟ.

ಪಕ್ಕದ ಹಾಸಿಗೆಯಲ್ಲಿದ್ದ ತಮ್ಮ ತಾಯಿಯನ್ನು ನೋಡಿಕೊಳ್ಳುತ್ತಿದ್ದ ನರಿಕೊಂಬಿನ ಬ್ಯಾರಿ ಮುಸ್ಲಿಂ ವ್ಯಾಪಾರಿಯೊಬ್ಬರು ಇದನ್ನೆಲ್ಲ ಕೇಳಿಸಿಕೊಂಡಿದ್ದರು. "ನಾನು ಕೊಡ್ತೇನೆ" ಎಂದು ತಾವಾಗಿ ಎದ್ದು ಹೋಗಿ ಕೊಟ್ಟು ಬಂದರು. ಅವರ ಮುಖ ನೋಡಲು ನನಗೆ ನಾಚಿಕೆಯಾಯಿತು.

ಅತ್ತಿಗೆ ಗುಣವಾಗಿ ಮನೆಗೆ ಬಂದ ಮೇಲೆ, ನೋಡಲು ಬಂದ ನೆಂಟರಿಗೆ ಅಣ್ಣ, "ಎಲ್ಲ ದೇವರ ದಯೆ" ಎನ್ನುತ್ತಿದ್ದ. ನನಗೆ ತಡೆಯಲಾಗಲಿಲ್ಲ. "ಗುರುತಿಲ್ಲದ ಯಾರೋ ಮೊದಲೇ ರಕ್ತ ಕೊಟ್ಟಿಟ್ಟದ್ದಕ್ಕೆ ಅತ್ತಿಗೆ ಬದುಕಿದ್ದು. ಎಲ್ಲರೂ ನಿನ್ನ ಹಾಗೆ ಓಡಿದ್ರೆ ಅಲ್ಲಿ ಒಂದು ಹನಿಯೂ ಇರ್ತಿರ್ಲಿಲ್ಲ" ಎಂದೆ, ಎಲ್ಲರ ಎದುರು.

ಅವನು ಬಾಗಿಲು ತೋರಿಸಿದ. ಆಮೇಲೆ ನಾನು ಆ ಮನೆಯ ಮೆಟ್ಟಿಲು ಹತ್ತಿಲ್ಲ. ಕರೆದರೂ ಹೋಗುವವನಲ್ಲ.